ವಾಯುಪಡೆಯ ಪೈಲಟ್‌ಗೆ ಮಗಳನ್ನು ಕೊಡುವ ಮುನ್ನ

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು, ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಕುಟುಂಬ. ಮಗಳು ಎಂ.ಎಸ್ಸಿ., ಬಿ.ಇಡಿ. ಮುಗಿಸಿ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿದ್ದಾಳೆ. ಬಳ್ಳಾರಿ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ವಾಯುಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್, ಫ್ಲೈಟ್ ಲೆಫ್ಟಿನೆಂಟ್, ವಯಸ್ಸು 28. ಮನೆತನ ಒಳ್ಳೆಯದು, ಹುಡುಗನ ನಡತೆಯೂ ಒಳ್ಳೆಯದು. ಆದರೆ ಹೆಲಿಕಾಪ್ಟರ್ ಎಂದಕೂಡಲೇ ಕೂನೂರಿನ ಅಪಘಾತವೇ ಕಣ್ಣ ಮುಂದೆ ಬರುತ್ತದೆ. ಸಂಬಳ ಎಷ್ಟು, ಜೀವಕ್ಕೆ ಎಷ್ಟು ಅಪಾಯ, ಅವನು ಮನೆಯಲ್ಲಿ ಇರುವುದು ಎಷ್ಟು ದಿನ, ಮಗಳ ನೌಕರಿಯ ಗತಿ ಏನು? ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಸಂಬಳದ್ದು ಎಲ್ಲಕ್ಕಿಂತ ಸುಲಭವಾದದ್ದು, ಹಾಗಾಗಿ ಅದನ್ನು ಮೊದಲು ಮುಗಿಸುತ್ತೇನೆ. ಏಳನೇ ವೇತನ ಆಯೋಗದ ಪ್ರಕಾರ ಫ್ಲೈಯಿಂಗ್ ಆಫೀಸರ್ ಹುದ್ದೆಯ ಆರಂಭದ ಮೂಲವೇತನ 56,100 ರೂಪಾಯಿ, ಫ್ಲೈಟ್ ಲೆಫ್ಟಿನೆಂಟ್ ಹುದ್ದೆಯದು 61,300 ರೂಪಾಯಿ. ಅದರ ಮೇಲೆ ತಿಂಗಳಿಗೆ 15,500 ರೂಪಾಯಿ ಮಿಲಿಟರಿ ಸರ್ವಿಸ್ ಪೇ, ತುಟ್ಟಿಭತ್ಯೆ, ಜೊತೆಗೆ ಆಯೋಗ ಆಗ 25,000 ರೂಪಾಯಿ ಎಂದು ನಿಗದಿಪಡಿಸಿದ ಹಾರಾಟದ ಭತ್ಯೆ ಸೇರುತ್ತವೆ. ಕ್ವಾರ್ಟರ್ಸ್, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನ್ ಸೌಲಭ್ಯಗಳು ಬೇರೆ. ಸಂಸಾರ ಸಾಗಿಸಲು ಕೊರತೆಯಾಗುವ ನೌಕರಿ ಇದಲ್ಲ.

ಆದರೆ ಹಣದ ವಿಷಯದಲ್ಲಿ ನೀವು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಿಲ್ಲ. ಹುಡುಗನದು ಪರ್ಮನೆಂಟ್ ಕಮಿಷನ್ನೋ ಶಾರ್ಟ್ ಸರ್ವಿಸ್ಸೋ? ಪಿಯುಸಿ ಮುಗಿಸಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋದವನಾದರೆ ಅವನದು ಕಾಯಂ ಸೇವೆ. ಅಂಥವರಿಗೆ 20 ವರ್ಷ ಪೂರೈಸಿದ ಮೇಲೆ ಪಿಂಚಣಿಯ ಹಕ್ಕು ಬರುತ್ತದೆ. ಪದವಿಯ ನಂತರ ವಾಯುಪಡೆಯದೇ ಆದ ಎಎಫ್‌ಕ್ಯಾಟ್ ಪರೀಕ್ಷೆ ಬರೆದು ಹಾರಾಟ ಶಾಖೆಗೆ ಸೇರಿದವನಾದರೆ ಅವನ ಸೇವಾವಧಿ 14 ವರ್ಷ, ಪಿಂಚಣಿ ಇಲ್ಲ. ಇಬ್ಬರೂ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಿಂದಲೇ ಹೊರಬಂದಿರುತ್ತಾರೆ, ಇಬ್ಬರ ಎದೆಯ ಮೇಲೂ ಅದೇ ರೆಕ್ಕೆಯ ಲಾಂಛನವಿರುತ್ತದೆ, ಇಬ್ಬರೂ ಒಂದೇ ಹೆಲಿಕಾಪ್ಟರಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಮದುವೆಯ ಮಾತುಕತೆಗೆ ಬಂದ ಮನೆಯವರಿಗೆ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. 23ನೇ ವಯಸ್ಸಿಗೆ ಶಾರ್ಟ್ ಸರ್ವಿಸ್‌ನಲ್ಲಿ ಸೇರಿದವನು 37ಕ್ಕೆ ಹೊರಬರುತ್ತಾನೆ, ಆಗ ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಸಂಬಂಧ ಬೇಡವೆನ್ನಲು ಇದು ಕಾರಣವಲ್ಲ, ಏಕೆಂದರೆ ಹೊರಗೆ ಕೆಲಸವಿದೆ. ಆದರೆ ಹೆಲಿಕಾಪ್ಟರ್ ಹಾರಿಸಿದ ಅನುಭವವನ್ನು ಹಿಡಿದುಕೊಂಡು ನೇರವಾಗಿ ಪ್ರಯಾಣಿಕರ ವಿಮಾನದಲ್ಲಿ ಕೂರಲಾಗದು, ಅದಕ್ಕೆ ಬೇರೆಯೇ ಲೈಸೆನ್ಸ್ ಮತ್ತು ತರಬೇತಿ ಬೇಕು. ನಾಗರಿಕ ಹೆಲಿಕಾಪ್ಟರ್ ಸೇವೆಯ ಕ್ಷೇತ್ರವೋ ವಿಮಾನಯಾನದಷ್ಟು ದೊಡ್ಡದಲ್ಲ. ಹುಡುಗ ಈ ಲೆಕ್ಕವನ್ನು ಈಗಾಗಲೇ ಹಾಕಿಕೊಂಡಿದ್ದಾನೆಯೇ ಎಂದು ಕೇಳಿ. ಹಾಕಿಕೊಂಡಿದ್ದರೆ ಅವನು ಸಂಸಾರದ ಬಗ್ಗೆ ಯೋಚಿಸುವವನು.

ಈಗ ನಿಮ್ಮ ನಿದ್ದೆ ಕೆಡಿಸಿರುವ ವಿಷಯಕ್ಕೆ ಬರುತ್ತೇನೆ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್ ಕಡೆಗೆ ಹೊರಟ ಎಂಐ-17ವಿ5 ಹೆಲಿಕಾಪ್ಟರ್ ಕೂನೂರಿನ ಹತ್ತಿರ ಬಿದ್ದು, ಆಗ ದೇಶದ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಸೇರಿದಂತೆ ಅದರಲ್ಲಿದ್ದ 14 ಮಂದಿಯೂ ತೀರಿಕೊಂಡರು. ಮೂರೂ ಪಡೆಗಳ ತನಿಖಾ ತಂಡವು 2022ರ ಜನವರಿಯಲ್ಲಿ ತನ್ನ ಪ್ರಾಥಮಿಕ ನಿರ್ಣಯವನ್ನು ಕೊಟ್ಟಾಗ ಯಂತ್ರದ ದೋಷ, ವಿಧ್ವಂಸಕ ಕೃತ್ಯ ಮತ್ತು ನಿರ್ಲಕ್ಷ್ಯ ಈ ಮೂರನ್ನೂ ತಳ್ಳಿಹಾಕಿತು. ಕಣಿವೆಯ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಭ್ರಮೆ ಉಂಟಾಯಿತು, ಸುಸ್ಥಿತಿಯಲ್ಲಿದ್ದ ಯಂತ್ರವೇ ನೆಲಕ್ಕೆ ಅಪ್ಪಳಿಸಿತು ಎಂಬುದು ಆ ನಿರ್ಣಯದ ಸಾರ. 2024ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯೊಡನೆ ಹೊರಬಂದ ಪಟ್ಟಿಯಲ್ಲಿ ಇದೇ ಅಪಘಾತದ ಕಾರಣವನ್ನು ಸಿಬ್ಬಂದಿಯ ಮಾನವ ದೋಷ ಎಂದು ನಮೂದಿಸಲಾಗಿದೆ. ಅದನ್ನು ಓದಿದ ಅನೇಕರು ಪೈಲಟ್ ಅಜಾಗರೂಕನಾಗಿದ್ದ ಎಂದು ಅರ್ಥ ಮಾಡಿಕೊಂಡರು, ಅದು ಸರಿಯಲ್ಲ. ಮನುಷ್ಯನ ದೇಹಕ್ಕೇ ಒಂದು ಮಿತಿಯಿದೆ.

ಆ ಮಿತಿ ಏನೆಂದು ಹೇಳುವುದು ಅಗತ್ಯ, ಏಕೆಂದರೆ ನಿಮ್ಮ ಮಗಳ ಸಂಸಾರಕ್ಕೂ ಅದಕ್ಕೂ ನೇರ ಸಂಬಂಧವಿದೆ. ನಾವು ನೆಟ್ಟಗೆ ನಿಂತಿದ್ದೇವೆ ಎಂಬುದನ್ನು ಕಣ್ಣು ಮತ್ತು ಒಳಗಿವಿಯಲ್ಲಿರುವ ದ್ರವ ಎರಡೂ ಸೇರಿ ಮಿದುಳಿಗೆ ತಿಳಿಸುತ್ತವೆ. ಮೋಡದೊಳಗೆ ಹೊಕ್ಕಾಗ ಕಣ್ಣಿಗೆ ಬೆಳ್ಳನೆಯ ಶೂನ್ಯ ಬಿಟ್ಟು ಏನೂ ಕಾಣುವುದಿಲ್ಲ, ಉಳಿಯುವುದು ಒಳಗಿವಿಯೊಂದೇ, ಅದೋ ನಿಧಾನವಾದ ತಿರುವನ್ನು ಗುರುತಿಸಲಾರದು, ನಿಂತ ತಿರುವನ್ನು ಇನ್ನೂ ತಿರುಗುತ್ತಿದೆ ಎನ್ನುತ್ತದೆ. ಜಾತ್ರೆಯ ತಿರುಗುಣಿಯಿಂದ ಇಳಿದ ಮಗುವಿಗೆ ನಿಂತ ನೆಲವೇ ಸುತ್ತಿದಂತೆ ಕಾಣುತ್ತದೆಯಲ್ಲ, ಅಂಥದೇ ಭ್ರಮೆ, ಗುಡ್ಡಗಳ ನಡುವೆ, ವೇಗದಲ್ಲಿ. ಆಗ ಪೈಲಟ್ ತನ್ನ ಮೈ ಹೇಳುವುದನ್ನು ನಂಬದೆ ಎದುರಿನ ಉಪಕರಣಗಳು ತೋರಿಸುವುದನ್ನೇ ನಂಬಬೇಕು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಇದಕ್ಕೆಂದೇ ಇರುವ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ತನ್ನ ಮೈ ತನಗೆ ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬನಿಗೂ ಅನುಭವಕ್ಕೆ ತರುತ್ತಾರೆ. ಕಲಿತ ಈ ಶಿಸ್ತು ನಿದ್ದೆಗೆಟ್ಟವನಲ್ಲಿ, ಜ್ವರ ಬಂದವನಲ್ಲಿ, ಮನಸ್ಸು ಬೇರೆಲ್ಲೋ ಇರುವವನಲ್ಲಿ ಸಡಿಲವಾಗುತ್ತದೆ. ಕೂನೂರಿನ ಸಿಬ್ಬಂದಿಗೆ ಅಂಥ ತೊಂದರೆ ಏನಾದರೂ ಇತ್ತೆಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಹೆಲಿಕಾಪ್ಟರ್ ಘಟಕಗಳಲ್ಲಿಯೇ ಸೇವೆ ಮುಗಿಸಿ ಬಳ್ಳಾರಿಗೆ ಮರಳಿ ನೆಲೆಸಿದವನಾಗಿ ನಾನು ಹೇಳಬಯಸುವುದು ಇಷ್ಟೇ: ಪೈಲಟ್‌ನ ಸುರಕ್ಷತೆಯ ಒಂದು ದೊಡ್ಡ ಪಾಲು ಅವನ ಮನೆಯಲ್ಲಿದೆ. ಹಾರುವ ಕೆಲಸದಲ್ಲಿ ಅಪಾಯವಿದೆ, ಇಲ್ಲವೆಂದು ಹೇಳಿದರೆ ಅದು ಸುಳ್ಳು. ಆದರೆ ಆ ಅಪಾಯವನ್ನು ಕಡಿಮೆ ಮಾಡುವುದರಲ್ಲಿ ಹೆಂಡತಿಗೂ ಎರಡೂ ಕಡೆಯ ಹಿರಿಯರಿಗೂ ಕೈ ಇದೆ.

ಅದು ಹೇಗೆಂದು ಬಿಡಿಸಿ ಹೇಳುತ್ತೇನೆ. ಬೆಳಗಿನ ಹಾರಾಟವಿರುವ ದಿನ ಪೈಲಟ್ ಕತ್ತಲಿರುವಾಗಲೇ ಏಳುತ್ತಾನೆ. ನಮ್ಮ ಬಳ್ಳಾರಿ, ರಾಯಚೂರಿನ ಮೇ ತಿಂಗಳಂಥ ಬಿಸಿಲಿನಲ್ಲಿ ಗಾಳಿ ಕಾದು ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ರೋಟರ್‌ಗೆ, ಅಂದರೆ ಮೇಲೆ ತಿರುಗುವ ರೆಕ್ಕೆಗಳಿಗೆ, ಎತ್ತುವ ಶಕ್ತಿ ಇಳಿಯುತ್ತದೆ, ಎಂಜಿನ್ನಿನ ಬಲವೂ ಇಳಿಯುತ್ತದೆ. ಆದ್ದರಿಂದ ಹೆಚ್ಚಿನ ಭಾರ ಹೊರುವ ಕೆಲಸವನ್ನು ತಂಪು ಹೊತ್ತಿನಲ್ಲಿ ಮುಗಿಸಲು ನೋಡುತ್ತಾರೆ. ಹವಾಮಾನದ ಬ್ರೀಫಿಂಗ್, ಹಾರಾಟದ ಬ್ರೀಫಿಂಗ್, ವೈದ್ಯರ ತಪಾಸಣೆ ಇವೆಲ್ಲ ಮುಗಿದ ಮೇಲೆ ಯಂತ್ರದ ಹತ್ತಿರ ಹೋಗುವುದು. ಹೀಗಿರುವವನನ್ನು ಹಿಂದಿನ ರಾತ್ರಿ ಹನ್ನೊಂದರವರೆಗೆ ನೆಂಟರ ನಡುವೆ ಕೂರಿಸಿಕೊಳ್ಳುವುದು ಪ್ರೀತಿಯೇ ಆದರೂ ತಪ್ಪು. ರಾತ್ರಿ ಹಾರಾಟವಿದ್ದರೆ ಅವನು ಹಗಲಿನಲ್ಲಿ ಮಲಗುತ್ತಾನೆ. ಆಗ ಮನೆಯ ಕರೆಗಂಟೆಯನ್ನೇ ಆರಿಸಿಟ್ಟು, ಮಗುವನ್ನು ಹೊರಗೆ ಆಡಿಸಲು ಕರೆದೊಯ್ಯುವ ಹೆಣ್ಣುಮಕ್ಕಳನ್ನು ನಾನು ಪ್ರತಿಯೊಂದು ಕ್ಯಾಂಪಿನಲ್ಲೂ ನೋಡಿದ್ದೇನೆ.

ನೆಗಡಿಯದೂ ಸಣ್ಣ ವಿಷಯವಲ್ಲ. ಮೂಗು ಕಟ್ಟಿದವನು ಮೇಲಿನಿಂದ ಕೆಳಗಿಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿಯಲ್ಲೂ ಹಣೆಯಲ್ಲೂ ತಡೆಯಲಾರದ ನೋವು ಬರಬಹುದು, ಕಿವಿಯ ತಮಟೆಗೇ ಪೆಟ್ಟಾಗಬಹುದು. ನಮ್ಮ ಮನೆಗಳಲ್ಲಿ ನೆಗಡಿ ಎಂದರೆ ಅಂಗಡಿಯಿಂದ ಸಿಟ್ರಿಜಿನ್ ತಂದು ನುಂಗಿಸಿ ಮಲಗು ಎನ್ನುವುದು ರೂಢಿ. ಆ ಮಾತ್ರೆ ಮಂಪರು ತರುವಂಥದು. ಪೈಲಟ್ ಯಾವ ಮಾತ್ರೆಯನ್ನೂ ಘಟಕದ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳುವಂತಿಲ್ಲ. ಅತ್ತೆಯ ಮನೆಯಲ್ಲಿ ಕೊಟ್ಟದ್ದನ್ನೂ ಸೇರಿಸಿ. ಅಳಿಯ ಬೇಡ ಎಂದರೆ ಬಿಗುಮಾನ ಎಂದುಕೊಳ್ಳಬೇಡಿ. ಊಟದ ಜೊತೆ ಒತ್ತಾಯ ಮಾಡುವ ಮಿಕ್ಕ ಸಂಗತಿಗಳಿಗೂ, ಮದ್ಯವಂತೂ ಮೊದಲಾಗಿ, ಇದೇ ಮಾತು ಅನ್ವಯಿಸುತ್ತದೆ.

ಇನ್ನು ಮನಸ್ಸಿನ ಭಾರ. ಹೊಲದ ಪಾಲಿನ ತಕರಾರು, ಕಾಲುವೆಯ ಕೊನೆಗೆ ನೀರು ಬಾರದ ಚಿಂತೆ, ಅಕ್ಕಿ ಗಿರಣಿಯಿಂದ ಬರಬೇಕಾದ ಬಾಕಿ, ಇವೆಲ್ಲ ಅವನಿಗೂ ತಿಳಿಯಬೇಕಾದ ವಿಷಯಗಳೇ; ಮುಚ್ಚಿಡಿ ಎನ್ನುವುದಿಲ್ಲ. ಅವನು ಕೆಲಸಕ್ಕೆ ಹೊರಡುವ ಗಳಿಗೆಯಲ್ಲಿ ಮಾತ್ರ ತೆಗೆಯಬೇಡಿ. ಮನೆಯಲ್ಲಿ ದೊಡ್ಡ ಸಂಕಟವೇ ಬಂದಿದ್ದರೆ, ತಾಯಿಯೋ ತಂದೆಯೋ ಆಸ್ಪತ್ರೆಯಲ್ಲಿದ್ದರೆ, ಅದನ್ನು ಅವನು ತನ್ನ ಕಮಾಂಡಿಂಗ್ ಆಫೀಸರ್‌ಗೆ ಹೇಳಿ ಇಂದು ನಾನು ಹಾರುವ ಸ್ಥಿತಿಯಲ್ಲಿಲ್ಲ ಎನ್ನಬಹುದು. ಅದು ಹೇಡಿತನವೆಂದು ಯಾರೂ ಬಗೆಯುವುದಿಲ್ಲ. ಒಳ್ಳೆಯ ಘಟಕಗಳಲ್ಲಿ ಹಾಗೆ ಹೇಳಬಲ್ಲವನ ಮೇಲೆಯೇ ಹೆಚ್ಚು ವಿಶ್ವಾಸ. ಹುಡುಗನ ಬಾಯಿಂದ ಇಂಥ ಮಾತು ಬರುವುದೇ ಎಂಬುದನ್ನು ನಿಮ್ಮ ಮಗಳು ಮಾತಾಡುವಾಗ ಗಮನಿಸಲಿ. ನನಗೆ ಎಂದೂ ಭಯವಾಗಿಲ್ಲ ಎಂದು ಎದೆ ತಟ್ಟುವ ಪೈಲಟ್‌ಗಿಂತ ಇವತ್ತು ಹವೆ ಸರಿಯಿಲ್ಲ, ವಾಪಸು ಬಂದೆ ಎನ್ನುವವನು ಮೇಲು.

ಮನೆಯಲ್ಲಿ ಎಷ್ಟು ದಿನ ಇರುತ್ತಾನೆ ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ, ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 20 ದಿನ ಸಾಂದರ್ಭಿಕ ರಜೆ. ಸೇವೆಯ ಅಗತ್ಯಕ್ಕೆ ತಕ್ಕಂತೆ ಎಂಬ ಷರತ್ತು ಅದರ ಬೆನ್ನಿಗೇ ಇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗ್ ಬದಲಾಗುತ್ತದೆ, ಕುಟುಂಬವನ್ನು ಜೊತೆಗಿಟ್ಟುಕೊಳ್ಳಬಹುದಾದ ಊರುಗಳೂ ಸಿಗುತ್ತವೆ, ಅಲ್ಲದ ಊರುಗಳೂ ಸಿಗುತ್ತವೆ. ಹೆಲಿಕಾಪ್ಟರ್ ಪೈಲಟ್‌ಗಳ ವಿಶೇಷವೆಂದರೆ ಡಿಟ್ಯಾಚ್‌ಮೆಂಟ್: ಘಟಕ ಒಂದು ಕಡೆ, ಇವರ ಸಣ್ಣ ತಂಡ ಇನ್ನೊಂದು ಕಡೆ, ವಾರಗಟ್ಟಲೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಭಾರಿ ನೀರು ಬಿಟ್ಟು ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಯಲ್ಲಿ ಪ್ರವಾಸಿಗರು ಸಿಲುಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ಜನರನ್ನು ಎತ್ತಿಕೊಂಡು ಹೋದದ್ದನ್ನು ನಿಮ್ಮ ಕಡೆಯವರು ಟಿವಿಯಲ್ಲಾದರೂ ನೋಡಿರುತ್ತೀರಿ. ಅದರ ಒಳಗೆ ಕುಳಿತಿದ್ದವರಿಗೂ ಎಲ್ಲೋ ಒಂದು ಮನೆ ಇತ್ತು, ಆ ಮನೆಯಲ್ಲಿ ಇವತ್ತು ಸಂಜೆ ಬರುತ್ತೇನೆ ಎಂದು ಹೇಳಿ ಹೊರಟಿರಲೂಬಹುದು. ಮಳೆಗಾಲ ಅವರಿಗೆ ಕೆಲಸದ ಕಾಲ. ಇನ್ನು ಲೇಹ್‌ನ ಕಡೆ ಚೀತಾ ಹೆಲಿಕಾಪ್ಟರ್ ಹಾರಿಸುವ ಘಟಕಕ್ಕೆ ಹೋದರೆ, ಆ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 10,600 ಅಡಿಗೂ ಮೇಲಿದೆ. ಅಲ್ಲಿಂದ ಸಿಯಾಚಿನ್‌ನ ಠಾಣೆಗಳಿಗೆ ಸೀಮೆಎಣ್ಣೆ, ದಿನಸಿ, ಔಷಧಿ ಹೊತ್ತು ಹೋಗಿ, ಎಂಜಿನ್ ನಿಲ್ಲಿಸದೆ ಇಳಿಸಿ, ಕಾಯಿಲೆಯಾದ ಸೈನಿಕರನ್ನು ಹತ್ತಿಸಿಕೊಂಡು ಬರುವುದು ನಿತ್ಯದ ಕೆಲಸ. 1984ರಿಂದ ಈ ಕೆಲಸ ನಿಂತಿಲ್ಲ. ಅಂಥ ಪೋಸ್ಟಿಂಗ್ ಬಂದರೆ ಮಗಳು ಬೇರೆ ಊರಿನ ಕ್ವಾರ್ಟರ್ಸ್‌ನಲ್ಲೋ ನಿಮ್ಮ ಮನೆಯಲ್ಲೋ ಇರಬೇಕಾಗುತ್ತದೆ.

ಅವಳ ನೌಕರಿಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಈ ಸಂಬಂಧದ ಅತ್ಯಂತ ಕಠಿಣವಾದ ಗಂಟು, ಅಪಘಾತದ ಭಯಕ್ಕಿಂತ ದೊಡ್ಡದು, ಏಕೆಂದರೆ ಅಪಘಾತ ಆಗದೇ ಇರಬಹುದು, ವರ್ಗಾವಣೆ ಆಗಿಯೇ ಆಗುತ್ತದೆ. ರಾಜ್ಯ ಸರ್ಕಾರದ ಶಿಕ್ಷಕಿ ಗಂಡನ ಹಿಂದೆ ಜೋಧಪುರಕ್ಕೋ ತೇಜ್‌ಪುರಕ್ಕೋ ವರ್ಗ ಮಾಡಿಸಿಕೊಳ್ಳಲಾರಳು. ಅದರಲ್ಲೂ ಸಂವಿಧಾನದ 371 (ಜೆ) ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿಕ್ಕ ಹುದ್ದೆಯಾದರೆ, ಒಮ್ಮೆ ರಾಜೀನಾಮೆ ಕೊಟ್ಟ ಮೇಲೆ ಅದೇ ಹುದ್ದೆಗೆ ಮರಳುವುದು ಹೊಸದಾಗಿ ಪರೀಕ್ಷೆ ಬರೆದಂತೆಯೇ. ನಿಮ್ಮ ಕಡೆಯ ಹಿರಿಯರು, ಗಂಡನಿಗೆ ಅಷ್ಟು ಸಂಬಳವಿರುವಾಗ ಇವಳಿಗೇಕೆ ನೌಕರಿ ಎಂದು ಹೇಳುವ ಸಂಭವ ಬಹಳ. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಗಂಡ ದಿನಗಟ್ಟಲೆ ಹೊರಗಿರುವ ಮನೆಯಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ಕೈಯಲ್ಲಿ ತನ್ನದೆಂಬ ಕೆಲಸವಿಲ್ಲದ ವಿದ್ಯಾವಂತ ಹೆಣ್ಣುಮಗಳು ಎಷ್ಟು ಸೊರಗುತ್ತಾಳೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ಮದುವೆಯಾದ ಮೊದಲ ವರ್ಷ ರಾಜೀನಾಮೆ ಬೇಡ. ರಜೆಗಳಲ್ಲಿ ಹೋಗಿ ಬರಲಿ, ಅಲ್ಲಿಯ ಬದುಕನ್ನು ನೋಡಲಿ, ಅದರ ನಡುವೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಸಿಟಿಇಟಿ ಬರೆದು ಕೇಂದ್ರೀಯ ವಿದ್ಯಾಲಯದ ನೇಮಕಾತಿಗೆ ಸಿದ್ಧಳಾಗಲಿ. ಗಣಿತ ಮತ್ತು ಬಿ.ಇಡಿ. ಇರುವವಳಿಗೆ ಆ ದಾರಿ ತೆರೆದಿದೆ. ಕೇಂದ್ರೀಯ ವಿದ್ಯಾಲಯಗಳು ದೇಶದ ಬಹುತೇಕ ದೊಡ್ಡ ಸೈನಿಕ ನೆಲೆಗಳಲ್ಲಿವೆ, ಪತಿಯ ಊರಿಗೆ ವರ್ಗಾವಣೆ ಕೋರಲು ಅಲ್ಲಿ ಅವಕಾಶವೂ ಇದೆ. ವಾಯುಪಡೆಯದೇ ಶಾಲೆಗಳಲ್ಲೂ ಕೆಲಸ ಸಿಗಬಹುದು, ಆದರೆ ಸಂಬಳ ಮತ್ತು ಭದ್ರತೆ ಸರ್ಕಾರಿ ಹುದ್ದೆಯಂತಿರುವುದಿಲ್ಲ.

ಮಕ್ಕಳ ಓದಿಗೂ ಅದೇ ಶಾಲೆಗಳು ಆಸರೆ. ಒಂದು ಕೇಂದ್ರೀಯ ವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವಾಗ ಪಠ್ಯ ಬದಲಾಗುವುದಿಲ್ಲ. ಕಳೆದುಹೋಗುವುದು ಕನ್ನಡ. ಮನೆಯ ಹೊರಗೆ ಎಲ್ಲವೂ ಹಿಂದಿ, ಮೆಸ್ಸಿನಲ್ಲಿ ಇಂಗ್ಲಿಷ್. ಅಜ್ಜಿಯ ಜೊತೆ ಫೋನಿನಲ್ಲಿ ಎರಡು ಮಾತಾಡಲು ತಡವರಿಸುವ ಮೊಮ್ಮಕ್ಕಳು ನಮ್ಮ ಸೈನಿಕ ಕುಟುಂಬಗಳಲ್ಲಿ ಬೇಕಾದಷ್ಟು ಇದ್ದಾರೆ. ಬೇಸಿಗೆ ರಜೆಯನ್ನು ಸಿಂಧನೂರಿನಲ್ಲಿ ಕಳೆಯುವುದು ಮತ್ತು ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಆಡದಿರುವುದು, ಇವೆರಡನ್ನು ಬಿಗಿಯಾಗಿ ಪಾಲಿಸಿದ ಮನೆಗಳಲ್ಲಿ ಮಾತ್ರ ಭಾಷೆ ಉಳಿದದ್ದನ್ನು ಕಂಡಿದ್ದೇನೆ.

ಕಾಯುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಅವರು ಎದುರಿಸಿ ಹೊಡೆದುರುಳಿಸಿದ್ದರು ಎಂಬುದು ಇಲ್ಲಿ ಗೊತ್ತಾಗಲು ವರ್ಷಗಳೇ ಬೇಕಾದವು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಅವರ ಪತ್ನಿ ಮಹಾವೀರ ಚಕ್ರವನ್ನು ಸ್ವೀಕರಿಸಿದರು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಈ ಕುಟುಂಬಗಳ ಹೆಣ್ಣುಮಕ್ಕಳು ಉತ್ತರವಿಲ್ಲದ ಕಾಲವನ್ನು ಹೊತ್ತು ನಡೆದಿದ್ದಾರೆ ಎಂಬುದನ್ನು ತಿಳಿದೇ ಹೆಜ್ಜೆ ಇಡಬೇಕು. ಇಂದಿನ ಕಾಯುವಿಕೆ ಬೇರೆ ಬಗೆಯದು. ಟಿವಿಯಲ್ಲಿ ಹೆಲಿಕಾಪ್ಟರ್ ಪತನ ಎಂಬ ಸಾಲು ಓಡಿದ ಕೂಡಲೇ ಸಿಂಧನೂರಿನಿಂದ ಹತ್ತು ಜನ ಮಗಳಿಗೆ ಫೋನ್ ಮಾಡುತ್ತಾರೆ. ಹಾಗೆ ಮಾಡದಂತೆ ಈಗಲೇ ನೆಂಟರಿಗೆ ಹೇಳಿಡಿ. ಕೆಟ್ಟ ಸುದ್ದಿಯನ್ನು ವಾಯುಪಡೆಯಲ್ಲಿ ಫೋನಿನಲ್ಲಿ ಹೇಳಿ ಮುಗಿಸುವ ರೂಢಿಯಿಲ್ಲ, ಹಿರಿಯ ಅಧಿಕಾರಿಗಳು ಮನೆಗೇ ಬರುತ್ತಾರೆ. ಫೋನ್ ಎತ್ತದಿದ್ದರೆ ಅವನು ಹಾರುತ್ತಿದ್ದಾನೆ ಅಥವಾ ಮಲಗಿದ್ದಾನೆ ಎಂದೇ ತಿಳಿಯಬೇಕು. ಅವನು ಎಲ್ಲಿದ್ದಾನೆ, ಎಲ್ಲಿಗೆ ಹೊರಟ ಎಂಬುದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕುವುದನ್ನೂ ಮನೆಯವರೆಲ್ಲ ಬಿಡಬೇಕಾಗುತ್ತದೆ.

ಕ್ಯಾಂಪಿನಲ್ಲಿ ಅವಳು ಒಬ್ಬಳೇ ಇರುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಪಕ್ಕದ ಮನೆಯವಳ ಗಂಡನೂ ಅದೇ ಹೆಲಿಕಾಪ್ಟರಿನಲ್ಲಿರುತ್ತಾನೆ. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಗಾಡಿ ತೆಗೆಯುವವರು ಅವರೇ. ಊರಿನಲ್ಲಿ ಸೋದರ ಸಂಬಂಧಿಗಳು ಮಾಡುವಷ್ಟನ್ನು ಅಲ್ಲಿ ಪಂಜಾಬಿನವರು, ಕೇರಳದವರು, ಅಸ್ಸಾಮಿನವರು ಮಾಡುತ್ತಾರೆ.

ಹಾಗಾದರೆ ಕೊಡಬಹುದೇ ಎಂದು ಕೇಳಿದರೆ, ಹುಡುಗ ಒಳ್ಳೆಯವನಾಗಿದ್ದು ಮಗಳು ಈ ಎಲ್ಲವನ್ನೂ ಕೇಳಿ ತಿಳಿದು ಒಪ್ಪಿದರೆ ಖಂಡಿತ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಒಪ್ಪಿಗೆ ಅವಳದಾಗಿರಲಿ. ಹಿರಿಯರ ಎದುರು ಹತ್ತು ನಿಮಿಷ ಕೂರಿಸಿ ಎಬ್ಬಿಸಿದರೆ ಸಾಲದು. ಇಬ್ಬರೂ ಬಿಡುವಾಗಿ, ಹಲವು ಬಾರಿ ಮಾತಾಡಲಿ, ಕಮಿಷನ್ ಯಾವುದು, ಮುಂದಿನ ಪೋಸ್ಟಿಂಗ್ ಎತ್ತಣದ್ದಾಗಬಹುದು, ಅವಳ ನೌಕರಿಯ ಬಗ್ಗೆ ಅವನ ನಿಲುವೇನು ಎಂಬುದನ್ನು ಅವಳೇ ಕೇಳಲಿ.

ಮಾತುಕತೆ ಕೂಡಿಬಂದರೆ ನಿಶ್ಚಿತಾರ್ಥಕ್ಕೂ ಮದುವೆಗೂ ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮೊದಲು ಅವನ ರಜೆಯನ್ನು ವಿಚಾರಿಸಿ. ಶಾಸ್ತ್ರಿಗಳಿಂದ ಒಂದೇ ಮುಹೂರ್ತದ ಬದಲು ಕೆಲವು ವಾರಗಳ ಅಂತರದಲ್ಲಿ ಎರಡು ಮುಹೂರ್ತಗಳನ್ನು ತೆಗೆಸಿಟ್ಟುಕೊಳ್ಳಿ, ಕಲ್ಯಾಣ ಮಂಟಪದವರೊಡನೆ ದಿನ ಬದಲಿಸುವ ಅವಕಾಶದ ಬಗ್ಗೆ ಮುಂಗಡ ಕೊಡುವಾಗಲೇ ಮಾತಾಡಿ, ಸಾಧ್ಯವಾದರೆ ನೆರೆಯ ಕಾಲವಾದ ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಡಿ. ಮದುವೆಯ ಮುಂಚಿನ ಮೂರು ದಿನ ಅವನಿಗೆ ನಿದ್ದೆ ಇರುವುದಿಲ್ಲವಾದ್ದರಿಂದ, ರಜೆ ಮುಗಿದು ಕರ್ತವ್ಯಕ್ಕೆ ಹಾಜರಾಗುವ ದಿನಕ್ಕೂ ಕೊನೆಯ ಶಾಸ್ತ್ರಕ್ಕೂ ನಡುವೆ ಕನಿಷ್ಠ ಒಂದು ವಾರವಾದರೂ ಬಿಡುವು ಇರುವಂತೆ ನೋಡಿಕೊಳ್ಳಿ.